ರೈಲು ಯಾರದ್ದು?

ಡಬ್ಬಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು: 14 ವರ್ಷ ಮೇಲ್ಪಟ್ಟವರಿಗೆ. ಮಗಳಿಗೆ ಮೂರೂವರೆ, ನನಗೆ ಮೂವತ್ತಾರು. ಆ ರೈಲು ಯಾರಿಗೆ ಅಂತ ಅಲ್ಲೇ ಗೊತ್ತಾಗಬೇಕಿತ್ತು. ಆದರೂ ಕೇಳಿದವರಿಗೆಲ್ಲ "ಪಾಪುಗೆ ತಂದಿದ್ದು" ಅಂದೆ.

ನಮ್ಮೂರು ಲಿಂಗದಹಳ್ಳಿಗೆ ರೈಲಿಲ್ಲ. ನೋಡಬೇಕಂದ್ರೆ ತರೀಕೆರೆಗೇ ಹೋಗಬೇಕು. ಅಲ್ಲಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಎರಡೇ ಅಡಿ ಅಗಲದ ಹಳಿ ಮೇಲೆ ಪುಟ್ಟ ರೈಲು ಓಡ್ತಿತ್ತು. ನಾನು ಹುಟ್ಟೋ ಹೊತ್ತಿಗೆ ಅದರ ಕತೆ ಮಾತ್ರ ಉಳಿದಿತ್ತು. ಆಟದ ರೈಲು ಬೇಕು ಅಂತ ಅಪ್ಪನನ್ನು ಕೇಳೋ ಧೈರ್ಯ ಆಗ ಇರಲಿಲ್ಲ. ಈಗ ಬೆಂಗಳೂರಿನ ಸಂಬಳ ಇದೆ, ಕೇಳೋಕೆ ಯಾರೂ ಬೇಕಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯಲ್ಲಿ ಹಳಿ ಜೋಡಿಸಿದೆ. ಇದು ಎಚ್‌ಓ ಅಳತೆ ಪುಟ್ಟಾ, ನಿಜವಾದ ರೈಲಿನ 87ನೇ ಒಂದು ಭಾಗ. ಹಳಿ ಅಗಲ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ ಯುರೋಪಿನ 1435 ಬರುತ್ತೆ, ನಮ್ಮ ಬ್ರಾಡ್‌ಗೇಜ್ 1676... ಅವಳು ಓಡ್ತಿದ್ದ ಎಂಜಿನ್ನನ್ನು ಎತ್ತಿ ಲಂಗಕ್ಕೆ ಉಜ್ಜಿದಳು.

"ಏಯ್, ಮುಟ್ಟಬೇಡ!" ಅಂತ ಕಿರುಚಿದೆ. ಅವಳ ತುಟಿ ನಡುಗಿತು. ಒಳಗಿಂದ ಅಮ್ಮ ಅಂದಳು: "ಅವಳಿಗೇಂತ ತಂದು ಅವಳನ್ನೇ ಬೈತೀಯಲ್ಲೋ."

ಸ್ವಲ್ಪ ಹೊತ್ತಿಗೆ ಮಗಳು ಅಂಗಳದಲ್ಲಿ ಅಡಿಕೆ ಹಾಳೆ ಮೇಲೆ ಕೂತಿದ್ದಳು. ಅಜ್ಜಿ ಸೋಗೆ ಹಿಡಿದು ಎಳೀತಿದ್ದಳು. ಕೂಗು ಮಾತ್ರ ರೈಲಿನದ್ದೇ.

ವಸ್ತುವನ್ನು ಜೋಪಾನ ಮಾಡೋದನ್ನ ಮಕ್ಕಳಿಗೆ ಕಲಿಸಬಾರದಾ ಅಂತ ನೀವು ಕೇಳಬಹುದು. ಖಂಡಿತ ಕಲಿಸಬೇಕು. ಆದರೆ ಅದನ್ನು ಕಲಿಯೋದು ತನ್ನದು ಅನ್ನಿಸಿದ ವಸ್ತುವಿನಿಂದ. ಚನ್ನಪಟ್ಟಣದ ಮರದ ರೈಲು ಬಿದ್ದರೆ ಒಂಚೂರು ಬಣ್ಣ ಹೋಗುತ್ತೆ, ಬೀಳಿಸಿದವಳೇ ಎತ್ತಿ ಒರೆಸ್ತಾಳೆ. ನನ್ನ ರೈಲಿನಿಂದ ಅವಳು ಕಲಿತದ್ದು ಅಪ್ಪನ ಮುಖ ನೋಡಿ ಹೆದರೋದನ್ನ.

ದೊಡ್ಡವರು ಆಟಿಕೆ ಕೊಂಡುಕೊಳ್ಳೋದು ತಪ್ಪಲ್ಲ. ಮಗುವಿನ ಹೆಸರಲ್ಲಿ ಕೊಂಡು, ಯಜಮಾನಿಕೆ ತಾವೇ ಇಟ್ಟುಕೊಂಡು, ಆಮೇಲೆ ಅದಕ್ಕೆ ಆಸಕ್ತಿಯೇ ಇಲ್ಲ ಅಂತ ದೂರೋದು ತಪ್ಪು. ಸಂಗೀತದ ಕ್ಲಾಸು, ಚೆಸ್ಸು, ಕೋಡಿಂಗು ಎಲ್ಲದಕ್ಕೂ ಇದೇ ಮಾತು. ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಮುರಿದರೆ ಅಳೋದು ಯಾರು? ನಾನೇ ಅಂತಾದರೆ, ಅದನ್ನು ನಾನಿನ್ನೂ ಕೊಟ್ಟೇ ಇಲ್ಲ.

ಸಂಜೆ ಅವಳ ಪಕ್ಕ ಕೂತು ಹೇಳಿದೆ: "ಆ ರೈಲು ಅಪ್ಪಂದು ಪುಟ್ಟಾ. ನಿಂದು ಅಂತ ಸುಳ್ಳು ಹೇಳಿದ್ದೆ."

ಅವಳು ಯೋಚಿಸಿದಳು. "ಹಂಗಾದ್ರೆ ನಾನು ಕೇಳಿ ಆಡ್ಬೇಕಾ?"

"ಹೂಂ."

"ಹಾಳೆ ನಂದು. ನೀನೂ ಕೇಳ್ಬೇಕು."

ಕೇಳಿದೆ. ನಾನು ದಪ್ಪ ಅಂತ ಹತ್ತಿಸಿಕೊಳ್ಳಲಿಲ್ಲ. ಎಂಜಿನ್ ಆಗು ಅಂದಳು.