ಅಕ್ಕತಂಗಿಯರ ಸಹಿ: ಕಾನೂನಿಗೆ ಸಾಕು, ನ್ಯಾಯಕ್ಕೆ ಸಾಕೇ?

ಮನೆಯ ಹಿರಿಯರು ತೀರಿಕೊಂಡು ವರ್ಷದ ಪೂಜೆ ಮುಗಿಯುವ ಹೊತ್ತಿಗೆ ನಮ್ಮ ಅನೇಕ ಕುಟುಂಬಗಳಲ್ಲಿ ಒಂದು ಕಾಗದ ಸಿದ್ಧವಾಗುತ್ತದೆ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ. ಮದುವೆಯಾಗಿ ಹೋದ ಅಕ್ಕತಂಗಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರುತ್ತಾರೆ. ತಂದೆಯ ಮನೆಯಲ್ಲೂ ಜಮೀನಿನಲ್ಲೂ ತಮಗಿರುವ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇವೆಂದು ಸಹಿ ಹಾಕುತ್ತಾರೆ. ಮಧ್ಯಾಹ್ನ ಹೋಟೆಲಿನಲ್ಲಿ ಊಟ, ಸಂಜೆ ಬಸ್ಸು ಹತ್ತುವಾಗ ಕೈಗೊಂದು ಸೀರೆ. ಕಾನೂನಿನ ಪ್ರಕಾರ ಕೆಲಸ ಮುಗಿಯಿತು. ನ್ಯಾಯದ ಪ್ರಕಾರವೂ ಮುಗಿಯಿತೇ? ಕ್ರೈಸ್ತ ಕುಟುಂಬವೊಂದು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು.

ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಯೋಣ. ನಮ್ಮಲ್ಲಿ ಹಲವರು ನೆರೆಯವರ ಮಾತು ಕೇಳಿ, ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದುಕೊಂಡಿದ್ದಾರೆ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ. ತಂದೆ ಬದುಕಿರುವವರೆಗೆ ಆಸ್ತಿ ತಂದೆಯದೇ. ಅವರು ಉಯಿಲು ಬರೆದರೆ ಉಯಿಲಿನಂತೆ ಹಂಚಿಕೆ. ಉಯಿಲಿಲ್ಲದೆ ತೀರಿಕೊಂಡರೆ ಮೂರನೆಯ ಒಂದು ಭಾಗ ಹೆಂಡತಿಗೆ, ಉಳಿದ ಮೂರನೆಯ ಎರಡು ಭಾಗ ಮಕ್ಕಳಿಗೆ ಸಮನಾಗಿ. ಮಗ ಮಗಳೆಂಬ ಭೇದವಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ.

ಒಂದು ಲೆಕ್ಕ ನೋಡೋಣ. ಎರಡು ಎಕರೆ ಹತ್ತು ಗುಂಟೆ, ಅಂದರೆ 90 ಗುಂಟೆ ಜಮೀನಿದ್ದ ತಂದೆ ಉಯಿಲು ಬರೆಯದೆ ತೀರಿಕೊಂಡರು. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ತಾಯಿಗೆ 30 ಗುಂಟೆ, ಮಕ್ಕಳಿಗೆ ತಲಾ 20 ಗುಂಟೆ. ಒಬ್ಬ ಮಗನ ಹೆಸರಿಗೆ ಪೌತಿ ಖಾತೆಯಾಗಿ ಪಹಣಿಯಲ್ಲಿ ಅವನ ಹೆಸರೊಂದೇ ಬಂದಿದ್ದರೂ ಉಳಿದವರ ಹಕ್ಕು ಅಳಿಯುವುದಿಲ್ಲ. ತಂದೆ ಬದುಕಿದ್ದಾಗಲೇ, ಮಗಳ ಮದುವೆಯ ಸಮಯದಲ್ಲಿ, ಮುಂದೆ ಪಾಲು ಕೇಳುವುದಿಲ್ಲವೆಂದು ಬರೆಸಿಕೊಂಡ ಕಾಗದಕ್ಕೂ ಸಾಮಾನ್ಯವಾಗಿ ಬೆಲೆಯಿಲ್ಲ. ಇನ್ನೂ ಕೈಗೆ ಬಾರದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ಈ ಸಮಾನತೆ ಎಲ್ಲ ಕಡೆ ಸುಲಭವಾಗಿ ಬಂದದ್ದಲ್ಲ. ಕೇರಳದ ತಿರುವಾಂಕೂರು ಪ್ರದೇಶದಲ್ಲಿ 1916ರ ಕಾಯ್ದೆಯಂತೆ ಕ್ರೈಸ್ತ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1986ರಲ್ಲಿ ತೀರ್ಪು ಬಂತು: 1951ರಿಂದಲೇ ಅಲ್ಲಿಗೂ 1925ರ ಕಾಯ್ದೆ ಅನ್ವಯಿಸುತ್ತದೆ. ಅವರು ನ್ಯಾಯಾಲಯದಲ್ಲಿ ಎದುರಿಸಿದ್ದು ಸ್ವಂತ ಒಡಹುಟ್ಟಿದವನನ್ನೇ. ಈ ಸಂಗತಿ ನೆನಪಿನಲ್ಲಿರಲಿ. ಪಾಲಿನ ಪ್ರಶ್ನೆಯಲ್ಲಿ ಎದುರಾಳಿ ಹೊರಗಿನವನಲ್ಲ. ಒಂದೇ ತಟ್ಟೆಯಲ್ಲಿ ಉಂಡವನು. ಆದ್ದರಿಂದಲೇ ನಮ್ಮ ಅಕ್ಕತಂಗಿಯರು ಮಾತನಾಡದೆ ಸಹಿ ಹಾಕುತ್ತಾರೆ.

ಆ ಸಹಿ ಸ್ವಇಚ್ಛೆಯದೇ? ಅರಿಸ್ಟಾಟಲ್ ಒಂದು ಉದಾಹರಣೆ ಕೊಡುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನವರು ಜೀವ ಉಳಿಸಿಕೊಳ್ಳಲು ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ. ಯಾರೂ ಅವರ ಕೈ ಹಿಡಿದು ಎಸೆಸಲಿಲ್ಲ. ಆ ಗಳಿಗೆಯಲ್ಲಿ ಅದು ಅವರದೇ ತೀರ್ಮಾನ. ಆದರೆ ಗಾಳಿಯಿಲ್ಲದ ದಿನ ಯಾವ ವ್ಯಾಪಾರಿ ತನ್ನ ಸರಕನ್ನು ನೀರಿಗೆಸೆದಾನು? ಸಂತ ಥೋಮಸ್ ಅಕ್ವಿನಾಸರೂ ಭಯದಿಂದ ಮಾಡಿದ ಕ್ರಿಯೆಗಳನ್ನು ವಿವರಿಸುವಾಗ ಇದನ್ನೇ ಎತ್ತಿಕೊಳ್ಳುತ್ತಾರೆ: ಅಂಥ ಕ್ರಿಯೆ ಒಂದು ರೀತಿಯಲ್ಲಿ ಇಚ್ಛೆಯದು, ಇನ್ನೊಂದು ರೀತಿಯಲ್ಲಿ ಇಚ್ಛೆಗೆ ವಿರುದ್ಧವಾದದ್ದು.

ನಮ್ಮ ತಂಗಿಯ ಬಿರುಗಾಳಿ ಯಾವುದು? ತವರು ತಪ್ಪೀತೆಂಬ ಭಯ. ಹಬ್ಬಕ್ಕೆ ಕರೆಯುವವರಿಲ್ಲ, ಬಾಣಂತನಕ್ಕೆ ಹೋಗುವ ಮನೆಯಿಲ್ಲ, ನಾಳೆ ಗಂಡ ಕೈಬಿಟ್ಟರೆ ಬಾಗಿಲು ತೆರೆಯುವವರಿಲ್ಲ ಎಂಬ ಭಯ. ಅವಳು 20 ಗುಂಟೆ ಎಸೆದು ತವರನ್ನು ಉಳಿಸಿಕೊಳ್ಳುತ್ತಾಳೆ. ಒಪ್ಪಿಗೆ ಮುಕ್ತವಾಗಿರಬೇಕೆಂದು, ಬಲಾತ್ಕಾರ, ಅನುಚಿತ ಪ್ರಭಾವ, ಮೋಸ ಇರಬಾರದೆಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಆದರೆ ಇಂಥ ಮೌನದ ಭಯವನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಸುಲಭವಲ್ಲ. ನ್ಯಾಯಾಧೀಶರಿಗೆ ಸಹಿ ಕಾಣುತ್ತದೆ. ಸಹಿಯ ಹಿಂದಿನ ರಾತ್ರಿ ಅವಳಿಗೆ ನಿದ್ದೆ ಬಾರದಿದ್ದದ್ದು ಕಾಣುವುದಿಲ್ಲ. ದೇವರಿಗೆ ಕಾಣುತ್ತದೆ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಏಳನೆಯ ಕಟ್ಟಳೆಯನ್ನು ವಿವರಿಸುವ 2409ನೆಯ ಕಂಡಿಕೆಯಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದೆ. ಇನ್ನೊಬ್ಬರ ಸೊತ್ತನ್ನು ಅನ್ಯಾಯವಾಗಿ ತೆಗೆದುಕೊಳ್ಳುವುದು, ಇಟ್ಟುಕೊಳ್ಳುವುದು, ದೇಶದ ಕಾನೂನಿಗೆ ವಿರುದ್ಧವಲ್ಲದಿದ್ದರೂ ಕಳ್ಳತನದ ಕಟ್ಟಳೆಗೆ ವಿರುದ್ಧವೇ ಆಗಿದೆ ಎಂಬುದು ಅದರ ತಾತ್ಪರ್ಯ. ನೋಂದಣಿ ಮುದ್ರೆ ಬಿದ್ದ ಮಾತ್ರಕ್ಕೆ ಅಂತಃಸಾಕ್ಷಿಯ ಲೆಕ್ಕ ಚುಕ್ತಾ ಆಗುವುದಿಲ್ಲ.

ಅಣ್ಣತಮ್ಮಂದಿರ ಮಾತನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲದಿಲ್ಲ. ಮೊದಲನೆಯದು, "ಅವಳ ಮದುವೆಗೆ ಸಾಲ ಮಾಡಿದ್ದೇವಲ್ಲ?" ಎಂಬ ಮಾತು. ಮದುವೆಯ ಖರ್ಚು ಗಂಡುಮಕ್ಕಳಿಗೂ ಆಗಿರುತ್ತದೆ. ಇನ್ನು ವರದಕ್ಷಿಣೆಯನ್ನು 1961ರ ಕಾಯ್ದೆ ನಿಷೇಧಿಸಿದೆ, ಮೇಲಾಗಿ ಅದು ಹೋದದ್ದು ಬೀಗರ ಮನೆಗೆ. ತಂಗಿಯ ಕೈಗೇ ಬಾರದ ಹಣವನ್ನು ಅವಳ ಪಾಲಿನಲ್ಲಿ ಮುರಿಯುವುದು ಯಾವ ಲೆಕ್ಕ?

ಎರಡನೆಯದು ತೂಕವಾದ ಮಾತು: "ಅಪ್ಪ ಅಮ್ಮನನ್ನು ನೋಡಿಕೊಂಡವನು ನಾನು, ಹೊಲ ಗೇಯ್ದವನು ನಾನು." ಇದು ನಿಜವಾದ ಋಣ. ಓದು ಬಿಟ್ಟು ತಂದೆಯ ಅಂಗಡಿಯಲ್ಲಿ ಇಪ್ಪತ್ತು ವರ್ಷ ಸಂಬಳವಿಲ್ಲದೆ ದುಡಿದ ಮಗನಿಗೂ, ಪರಊರಿನಲ್ಲಿ ನೌಕರಿ ಮಾಡಿ ಹಬ್ಬಕ್ಕೆ ಬಂದುಹೋದ ಮಗನಿಗೂ ಕಾನೂನು ಒಂದೇ ಪಾಲು ಕೊಡುತ್ತದೆ. ಸಮಪಾಲೇ ಯಾವಾಗಲೂ ನ್ಯಾಯವೆಂದು ಹೇಳಲಾಗದು. ಹಾಗೆಯೇ ಅತ್ತೆ ಮಾವಂದಿರನ್ನು ಸಾಕುತ್ತಾ ಉಳಿದ, ಮಕ್ಕಳಿಲ್ಲದ ವಿಧವೆ ಸೊಸೆಗೆ, ಉಯಿಲಿಲ್ಲದೆ ತೀರಿಕೊಂಡ ಮಾವನ ಆಸ್ತಿಯಲ್ಲಿ ಈ ಕಾಯ್ದೆ ಪಾಲನ್ನೇ ಕೊಡುವುದಿಲ್ಲ. ನವೊಮಿಯ ಕೈಬಿಡದ ರೂತಳಂಥವರು ನಮ್ಮ ಮನೆಗಳಲ್ಲೂ ಇದ್ದಾರಲ್ಲವೇ?

ಇದಕ್ಕೆ ದಾರಿ ಅಕ್ಕತಂಗಿಯರ ಮೌನವಲ್ಲ, ತಂದೆತಾಯಿಯರ ಮಾತು. ದುಡಿದ ಮಗನಿಗೆ ಹೆಚ್ಚು ಕೊಡಬೇಕೆಂದಿದ್ದರೆ, ಸೊಸೆಗೆ ಆಸರೆ ಬೇಕೆಂದಿದ್ದರೆ, ಎಲ್ಲ ಮಕ್ಕಳನ್ನೂ ಕೂರಿಸಿ ಕಾರಣ ತಿಳಿಸಿ ಉಯಿಲು ಬರೆಯಲಿ. ಉಯಿಲು ಬರೆದರೆ ಸಾವು ಹತ್ತಿರವಾಗುತ್ತದೆಂಬ ಹೆದರಿಕೆ ಕ್ರೈಸ್ತನಿಗೆ ತಕ್ಕದ್ದಲ್ಲ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದವರು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳೂ ಅವರೆದುರು ಸಹಿ ಹಾಕಬೇಕು. ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಅದರಲ್ಲಿ ಆಸ್ತಿ ಬರೆದಿದ್ದರೆ ಆ ಭಾಗ ನಿಲ್ಲುವುದಿಲ್ಲ; ಆದ್ದರಿಂದ ಪಾಲು ಪಡೆಯುವವರನ್ನು ಸಾಕ್ಷಿ ಮಾಡಬಾರದು. ವಿಧುರರು ಮರುಮದುವೆಯಾದರೆ ಹಿಂದಿನ ಉಯಿಲು ರದ್ದಾಗುತ್ತದೆ, ಹೊಸದು ಬರೆಯಬೇಕು. ಬದುಕಿರುವಾಗಲೇ ಮಗನಿಗೆ ದಾನಪತ್ರ ಮಾಡಿಕೊಡುವ ಹಿರಿಯರು, ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಹಾಗೆ ಬರೆಸಿದ್ದರೆ, ಮಗ ಕೈಬಿಟ್ಟಾಗ ಆ ಪತ್ರವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ.

ಉಯಿಲಿಲ್ಲದೆ ಹಿರಿಯರು ಹೋಗಿಬಿಟ್ಟಿದ್ದರೆ? ಆಗ ತಂಗಿಯ ಬಳಿ ಕಾಗದ ಒಯ್ಯುವ ಮೊದಲು ಅಣ್ಣನಾದವನು ತನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಅವಳ ಪಾಲು ಎಷ್ಟು ಗುಂಟೆ, ಇಂದಿನ ಬೆಲೆ ಎಷ್ಟು ಎಂದು ಅವಳಿಗೆ ಹೇಳಿದ್ದೇನೆಯೇ? ಪತ್ರವನ್ನು ಅವಳಿಗೆ ತಿಳಿಯುವಂತೆ ಓದಿ ಹೇಳಿ, ಯೋಚಿಸಲು ದಿನಗಳನ್ನು ಕೊಟ್ಟಿದ್ದೇನೆಯೇ? ಅವಳು "ಆಗುವುದಿಲ್ಲ ಅಣ್ಣ" ಎಂದರೆ ಮುಂದಿನ ಕ್ರಿಸ್‌ಮಸ್ಸಿಗೂ ನನ್ನ ಬಾಗಿಲು ಅವಳಿಗೆ ತೆರೆದಿರುತ್ತದೆಯೇ? ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು. ಒಲ್ಲೆ ಎನ್ನಲು ಬರದವಳು ಹೂಂ ಎಂದರೆ ಅದನ್ನು ದಾನವೆನ್ನಲಾಗದು. ಎಲ್ಲವನ್ನೂ ತಿಳಿದು, ನಿರ್ಭಯವಾಗಿ, "ನನಗೆ ಸಾಕಷ್ಟಿದೆ, ನೀನು ಕಷ್ಟದಲ್ಲಿದ್ದೀಯೆ, ಇಟ್ಟುಕೋ" ಎನ್ನುವ ಅಕ್ಕನೂ ಇದ್ದಾಳೆ. ಅವಳ ಸಹಿ ಪ್ರೀತಿಯ ಕಾಣಿಕೆ. ಅದನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಜಮೀನು ತುಂಡಾಗಬಾರದೆಂದಿದ್ದರೆ ಅವಳ ಪಾಲಿನ ಬೆಲೆಯನ್ನು ಕಂತಿನಲ್ಲಾದರೂ ಕೊಟ್ಟು, ಅದನ್ನು ಪತ್ರದಲ್ಲಿ ಬರೆಸಬಹುದು. ತಾಯಿಯ ಮೂರನೆಯ ಒಂದು ಭಾಗವನ್ನು ಅವಸರದಲ್ಲಿ ಬರೆಸಿಕೊಳ್ಳಬೇಡಿ. ಮುಪ್ಪಿನಲ್ಲಿ ಅದೇ ಅವಳ ಊರುಗೋಲು.

ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲು ಕೇಳಿದರು. ಮೋಶೆ ಅವರನ್ನು ದುರಾಸೆಯವರೆಂದು ಗದರಿಸಲಿಲ್ಲ. ದೇವರ ಮುಂದೆ ಅವರ ಮಾತನ್ನಿಟ್ಟನು. ಅವರ ಕೇಳಿಕೆ ನ್ಯಾಯವಾದದ್ದೆಂದು ದೇವರೇ ತೀರ್ಪಿತ್ತರು. ಪಾಲು ಕೇಳಿದ ಮಗಳನ್ನು ಹಗುರವಾಗಿ ಆಡಿಕೊಳ್ಳುವವರು ಈ ಅಧ್ಯಾಯವನ್ನು ಓದಲಿ. ಇತ್ತ ಲೂಕನ ಶುಭಸಂದೇಶದಲ್ಲಿ, ಆಸ್ತಿ ಹಂಚಲು ಅಣ್ಣನಿಗೆ ಹೇಳಬೇಕೆಂದು ಬೇಡಿದವನಿಗೆ ಯೇಸುಸ್ವಾಮಿ ಪಾಲುದಾರಿಕೆ ಮಾಡಲು ಒಪ್ಪಲಿಲ್ಲ. ಎಲ್ಲ ಬಗೆಯ ಲೋಭದ ವಿಷಯದಲ್ಲಿ ಎಚ್ಚರವಿರಬೇಕೆಂದರು. ಗುಂಟೆಗಳ ಲೆಕ್ಕವನ್ನು ಕಾಯ್ದೆಯೇ ಹೇಳುತ್ತದೆ. ಲೋಭದ ಲೆಕ್ಕವನ್ನು ನಮ್ಮ ಹೃದಯವೇ ಹೇಳಬೇಕು.

ಎಂದೋ ಸಹಿ ಮುಗಿದುಹೋದ ಮನೆಗಳಿಗೂ ಒಂದು ಮಾತು. ಕಾನೂನಿನ ಕಾಲಮಿತಿ ಮುಗಿದಿರಬಹುದು. ಅನ್ಯಾಯವನ್ನು ಸರಿಪಡಿಸುವ ಹೊಣೆಗೆ ಕಾಲಮಿತಿಯಿಲ್ಲ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಕೈಯಲ್ಲಿದ್ದುದನ್ನು ಹಿಂದಿರುಗಿಸಲು ಎದ್ದು ನಿಂತನು. ಅಣ್ಣತಮ್ಮಂದಿರೇ, ಒಂದು ಭಾನುವಾರ ಪೂಜೆ ಮುಗಿಸಿಕೊಂಡು ತಂಗಿಯ ಮನೆಗೆ ಹೋಗಿ, "ಅಂದು ನೀನು ಮನಸ್ಸಿನಿಂದ ಸಹಿ ಹಾಕಿದೆಯೇನಮ್ಮ?" ಎಂದು ಕೇಳಿರಿ. ಉತ್ತರ ಏನೇ ಬರಲಿ, ಕೇಳಿದ ಅಣ್ಣ ಅವಳಿಗೆ ದೊರೆತಂತಾಗುತ್ತದೆ.