ಗುರುತಿಲ್ಲದವನಿಗೆ ಸಾಲ

ಊರಿನಲ್ಲಿ ಸಾಲ ಕೊಡುವವನಿಗೆ ಸಂಭವನೀಯತೆಯ ಲೆಕ್ಕ ಬೇಕಾಗುವುದಿಲ್ಲ. ಕೇಳಲು ಬಂದವನ ಅಪ್ಪ ಯಾರು, ಗದ್ದೆಗೆ ನೀರಿದೆಯೇ, ಹೋದ ವರ್ಷ ಸೊಸೈಟಿಯ ಬಾಕಿ ಕಟ್ಟಿದನೇ ಎಂಬುದೆಲ್ಲ ಜಗಲಿಯಲ್ಲಿ ಕೂತವರಿಗೆ ಗೊತ್ತು. ಮುಂಬಯಿಯಲ್ಲಿ ಹಾಗಲ್ಲ. ಕೌಂಟರಿನ ಆಚೆ ನಿಂತವನು ಯಾವ ಊರಿನವನೇ ಆಗಲಿ, ಅವನ ಪರಿಚಯ ಅವನು ತಂದ ಕಾಗದದಷ್ಟೇ. ಮನೆ ಬಾಡಿಗೆಯದು, ಕರಾರು ಹನ್ನೊಂದು ತಿಂಗಳದ್ದು. ಜಾಮೀನು ನಿಲ್ಲಬಹುದಾದ ಮಾವ ಇರುವುದು ಕುಂದಾಪುರದಲ್ಲಿ. ಇಂಥವನಿಗೆ ಕೊಡಬೇಕೋ ಬೇಡವೋ? ಬ್ಯಾಂಕಿನಲ್ಲಿದ್ದಷ್ಟು ವರ್ಷವೂ ನಮ್ಮ ಮೇಜಿನ ಮೇಲೆ ಇದ್ದ ಪ್ರಶ್ನೆ ಇದು.

ಇವನೊಬ್ಬ ತೀರಿಸುತ್ತಾನೋ ಇಲ್ಲವೋ ಅಂತ ಯಾವ ಅಂಕಿ-ಅಂಶವೂ ಹೇಳಲಾರದು. ಇಂಥ ನೂರು ಜನರಲ್ಲಿ ಎಷ್ಟು ಮಂದಿ ತೀರಿಸಿದ್ದಾರೆ ಅಂತ ಹೇಳಬಲ್ಲದು, ಅಷ್ಟೇ. ಅದೇನೂ ಕಡಿಮೆಯಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳಿ. ನೂರು ಜನರಿಗೆ ತಲಾ ಒಂದು ಲಕ್ಷ ಕೊಟ್ಟಿದ್ದೇವೆ, ಬಡ್ಡಿ ಶೇಕಡಾ 12. ಠೇವಣಿದಾರರಿಗೆ ನಾವು ಕೊಡಬೇಕಾದದ್ದು ಶೇಕಡಾ 8. ಮೂವರು ಕೈಕೊಟ್ಟರು, ಅವರಿಂದ ಅಸಲಿನ ಅರ್ಧ ಮಾತ್ರ ವಾಪಸು ಬಂತು. 97 ಜನರ ಬಡ್ಡಿ 11 ಲಕ್ಷದ 64 ಸಾವಿರ. ಅದರಲ್ಲಿ ಠೇವಣಿಯ ಬಡ್ಡಿ 8 ಲಕ್ಷ, ಮುಳುಗಿದ ಅಸಲು ಒಂದೂವರೆ ಲಕ್ಷ ಕಳೆಯಿರಿ. ಸಂಬಳ, ಬಾಡಿಗೆ, ಕರೆಂಟಿಗೆ ಇನ್ನೂ ಎರಡು ಲಕ್ಷದ ಚಿಲ್ಲರೆ ಉಳಿಯುತ್ತದೆ. ಅಂದರೆ ಆ ಮೂವರು ಮುಳುಗಿಸುವುದು ಮೊದಲೇ ಲೆಕ್ಕದೊಳಗೆ ಇದೆ. ಯಾರು ಆ ಮೂವರು ಎಂಬುದಷ್ಟೇ ಗೊತ್ತಿಲ್ಲ.

ಹೀಗಿರುವಾಗ ಕಂತು ತಪ್ಪಿ 90 ದಿನ ದಾಟಿತು, ಸಾಲ ಎನ್‌ಪಿಎ ಆಯಿತು ಅಂದ ಕೂಡಲೇ (2004ರ ಮಾರ್ಚ್‌ಗೆ ಮೊದಲು 180 ದಿನ ಇತ್ತು) ‘ಇವನಿಗೆ ಯಾಕ್ರೀ ಕೊಟ್ರಿ?’ ಅಂತ ಕೇಳುವುದು ನ್ಯಾಯವೇ? ಕೊಟ್ಟ ದಿನ ಏನು ಗೊತ್ತಿತ್ತು, ನೋಡಬೇಕಾದದ್ದನ್ನು ನೋಡಿದ್ದರೋ ಇಲ್ಲವೋ ಅಂತ ಕೇಳಬೇಕು. ‘ನನ್ನ ಸರ್ವೀಸಿನಲ್ಲಿ ಒಂದೂ ಸಾಲ ಕೆಡಲಿಲ್ಲ’ ಅಂತ ಬೀಳ್ಕೊಡುಗೆ ಸಭೆಯಲ್ಲಿ ಎದೆಯುಬ್ಬಿಸುವವರನ್ನು ಕಂಡರೆ ನನಗೆ ಗೌರವಕ್ಕಿಂತ ಅನುಮಾನವೇ ಹೆಚ್ಚು. ಎಷ್ಟು ಜನ ಯೋಗ್ಯರನ್ನು ಬರಿಗೈಲಿ ಕಳಿಸಿದ್ದಾರೋ!

ಅದನ್ನು ತಿಳಿಯಲು ದಾರಿಯಿಲ್ಲ ಅನ್ನುವುದೇ ಈ ಲೆಕ್ಕದ ದೊಡ್ಡ ಕೊರತೆ. ಕೊಟ್ಟವರು ತೀರಿಸಿದ್ದು, ತೀರಿಸದಿದ್ದದ್ದು ಎರಡೂ ಲೆಡ್ಜರಿನಲ್ಲಿರುತ್ತದೆ. ಕೊಡದೆ ಕಳಿಸಿದವನು ತೀರಿಸುತ್ತಿದ್ದನೇ ಎಂಬುದು ಯಾವ ಪುಟದಲ್ಲೂ ಇಲ್ಲ. ಒಂದು ವರ್ಗದವರಿಗೆ ಕೊಡುವುದನ್ನೇ ನಿಲ್ಲಿಸಿದರೆ, ಅವರು ನಂಬಿಕಸ್ಥರಲ್ಲ ಎಂಬ ಊಹೆ ಸುಳ್ಳಾಗುವ ಅವಕಾಶವೇ ಬರುವುದಿಲ್ಲ. 2000ದಲ್ಲಿ ಸಿಬಿಲ್ ಶುರುವಾಯಿತು. ಈಗಂತೂ ಮನುಷ್ಯನ ನಂಬಿಕೆ 300ರಿಂದ 900ರ ನಡುವಿನ ಒಂದು ಅಂಕ. ಗುಮಾಸ್ತರ ಮುಖಸ್ತುತಿ, ಮ್ಯಾನೇಜರನ ಜಾತಿಬುದ್ಧಿಗಿಂತ ಅಂಕ ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ಹಿಂದೆಂದೂ ಸಾಲ ಪಡೆಯದವನಿಗೆ ಅಂಕ ಎಲ್ಲಿಂದ ಬರಬೇಕು?

ಇದಕ್ಕೊಂದು ಉತ್ತರ ನಮ್ಮ ಕರಾವಳಿಯಲ್ಲೇ ಇತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ (2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು) 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿತ್ತು. ಏಜೆಂಟ್ ದಿನಾ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಒಯ್ಯುತ್ತಿದ್ದ. ಯೋಜನೆ ಮಾಡಿದ್ದು ಉಳಿತಾಯಕ್ಕೆ. ಆದರೆ ಗುರುತಿನ ಕಾಗದವೇ ಸರಿಯಾಗಿಲ್ಲದ ಹೋಟೆಲ್ ಮಾಣಿಯ ಪುಸ್ತಕದಲ್ಲಿ ಮುನ್ನೂರು ದಿನದ ಜಮೆ ಇದ್ದರೆ ಅದಕ್ಕಿಂತ ದೊಡ್ಡ ಅಂಕಿ-ಅಂಶ ಯಾವುದು? ಮೊದಲ ದಿನ ಅವನು ‘ಇಂಥವರಲ್ಲಿ’ ಒಬ್ಬ. ಒಂದೊಂದು ಜಮೆಯೂ ಆ ಅಂದಾಜನ್ನು ಚೂರುಚೂರೇ ತಿದ್ದುತ್ತದೆ, ವರ್ಷ ತುಂಬುವ ಹೊತ್ತಿಗೆ ಅವನು ಅವನೇ ಆಗಿರುತ್ತಾನೆ. ಅದಕ್ಕೇ ನನ್ನ ಅಭಿಪ್ರಾಯ: ಸರಾಸರಿಯನ್ನು ನೋಡಿ ಮೊದಲ ಸಾಲ ಎಷ್ಟು ಅಂತ ತೀರ್ಮಾನಿಸಿ, ಹತ್ತು ಸಾವಿರ ಸಾಕು ಅನ್ನಿಸಿದರೆ ಅಷ್ಟೇ ಕೊಡಿ. ಬಾಗಿಲು ಮಾತ್ರ ಹಾಕಬೇಡಿ.

ಇದು ಬ್ಯಾಂಕಿನವರಿಗಷ್ಟೇ ಸಂಬಂಧಪಟ್ಟ ಮಾತೂ ಅಲ್ಲ. ಹಿಂದೆ ನಾವು ಈ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ಇಂಥವರು’ ಆಗಿದ್ದವರೇ. ಈಗ ಸ್ವಂತ ಫ್ಲ್ಯಾಟ್ ಇದೆ, ಸೊಸೈಟಿಯ ಕಮಿಟಿಯಲ್ಲೂ ಕೂತಿದ್ದೇವೆ. ಬ್ಯಾಚುಲರ್ ಹುಡುಗರಿಗೆ ಮನೆ ಕೊಡಬಾರದು ಅಂತ ಈಚೆಗೆ ನಮ್ಮ ಸಭೆಯಲ್ಲಿ ಠರಾವು ಬಂತು. ಈವರೆಗೆ ಎಷ್ಟು ಹುಡುಗರಿದ್ದರು, ಎಷ್ಟು ಜನರಿಂದ ತೊಂದರೆಯಾಯಿತು ಅಂತ ಕೇಳಿದೆ. ಕಾರ್ಯದರ್ಶಿಗಳು ರಿಜಿಸ್ಟರ್ ತಂದು ನೋಡುತ್ತೇನೆ ಅಂದರು. ಠರಾವು ಮುಂದಿನ ಸಭೆಗೆ ಹೋಗಿದೆ.