ಇರುಳಿನ ಲೆಕ್ಕ ಬಲ್ಲ ಗಿಡಗಳು

ಶರದೃತು ಬಂದಾಗ ನಮ್ಮ ಕಡೆಯ ಹಿತ್ತಲು ಎರಡು ಪಾಲಾಗುತ್ತದೆ. ಮಳೆಗಾಲವಿಡೀ ಮೆರೆದ ಗಿಡಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕರ್ಣಕುಂಡಲ ಬೀಜ ಸಿಡಿಸಿ ಒಣಗುತ್ತದೆ. ಮಲೆನಾಡಿನ ಅಂಗಳದಲ್ಲಿ ಅಂಗೈಗಿಂತ ಅಗಲವಾಗಿ ಅರಳಿದ್ದ ಡೇರೆ ಬುಡದಿಂದ ಹಳದಿಯಾಗುತ್ತ ಬರುತ್ತದೆ. ಅದೇ ಮಣ್ಣಿನಲ್ಲಿ, ಅದೇ ಹೊತ್ತಿಗೆ, ಅಷ್ಟು ದಿನ ಬರೀ ಸೊಪ್ಪಾಗಿ ಯಾರ ಕಣ್ಣಿಗೂ ಬೀಳದಿದ್ದ ಕೆಲವು ಗಿಡಗಳಿಗೆ ಚೆಲುವು ಏರುತ್ತದೆ. ಸೇವಂತಿಗೆಯ ತುದಿತುದಿಯಲ್ಲೂ ಮೊಗ್ಗು ಕಟ್ಟುತ್ತದೆ. ಚೆಂಡು ಹೂ ದೀಪಾವಳಿಯ ಹೊಸ್ತಿಲಿಗೆ ಸಿದ್ಧವಾಗುತ್ತದೆ. ಚಪ್ಪರದ ಅವರೆ ತನ್ನ ನೇರಳೆ, ಬಿಳಿ ಹೂಗೊಂಚಲನ್ನು ಎಲೆಗಳ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಪಾರಿಜಾತ ಸಂಜೆ ಅರಳಿ, ಬೆಳಗಾಗುವುದರೊಳಗೆ ಬುಡದ ತುಂಬ ಚೆಲ್ಲಿರುತ್ತದೆ.

ಹೀಗೇಕೆ ಎಂದರೆ, ಮಳೆ ನಿಂತಿತು, ಬಿಸಿಲು ಬಿತ್ತು, ಹೂ ಬಂತು ಎನ್ನುತ್ತೇವೆ. ಸೇವಂತಿಗೆ ಮತ್ತು ನಾಟಿ ಅವರೆಯ ಮಟ್ಟಿಗೆ ಈ ಮಾತು ಪೂರ್ತಿ ನಿಜವಲ್ಲ. ಇವು ರಾತ್ರಿ ಉದ್ದವಾಗುವುದನ್ನು ಕಾಯುವ ಗಿಡಗಳು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಅದನ್ನು ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಅರ್ಧ ನಿಮಿಷದಷ್ಟು. ನಮಗೆ ಅದು ತಿಳಿಯುವುದೇ ಇಲ್ಲ. ಗಿಡಕ್ಕೆ ತಿಳಿಯುತ್ತದೆ.

ಮನುಷ್ಯರಿಗೆ ಈ ಸಂಗತಿ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು, ಬೇಸಿಗೆಯಲ್ಲಿ ಎಷ್ಟು ಎತ್ತರ ಬೆಳೆದರೂ ಹೂ ಬಿಡದ ಹೊಗೆಸೊಪ್ಪಿನ ಒಂದು ತಳಿಯನ್ನು ದಿನವೂ ಹೊತ್ತಿಗೆ ಮುಂಚೆ ಕತ್ತಲೆಯ ಕೋಣೆಗೆ ಸೇರಿಸಿ ಹೂ ಬಿಡಿಸಿದರು. ಅವರ ಬರಹ ಪ್ರಕಟವಾದದ್ದು 1920ರಲ್ಲಿ. ಮುಂದಿನ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಾಖ್ಯಾನ್ ನಮ್ಮ ಈ ಸೇವಂತಿಗೆಯನ್ನೇ ಇಟ್ಟುಕೊಂಡು, ಕಾಲದ ಸುಳಿವು ಹಿಡಿಯುವುದು ಎಲೆ ಎಂದು ತೋರಿಸಿದರು. ಹೂ ಬರುವುದು ತುದಿಯಲ್ಲಾದರೂ ಇರುಳನ್ನು ಅಳೆಯುವುದು ಕೆಳಗಿನ ಹಸಿರೆಲೆ. ಯಾರೂ ಹೊಗಳದ ಎಲೆ ಆ ಸುದ್ದಿಯನ್ನು ತುದಿಗೆ ಮುಟ್ಟಿಸುತ್ತದೆ.

1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬ ವಿಜ್ಞಾನಿಗಳು ಒಂದು ಕಳೆಗಿಡದ ಮೇಲೆ ನಡೆಸಿದ ಪ್ರಯೋಗ ನನ್ನನ್ನು ಹೆಚ್ಚು ಕಾಡಿದೆ. ಅವರು ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿ ನೋಡಿದರು. ಗಿಡ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದೀರ್ಘ ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಾಕಿದರು. ಹೂ ಬರಲಿಲ್ಲ. ಗಿಡ ಎಣಿಸುತ್ತಿದ್ದದ್ದು ಕತ್ತಲೆಯ ಒಟ್ಟು ಗಂಟೆಗಳನ್ನಲ್ಲ. ಅದಕ್ಕೆ ಬೇಕಿದ್ದದ್ದು ತಡೆಯಿಲ್ಲದೆ ಸಾಗುವ ಒಂದೇ ಇರುಳು. ನಡುವೆ ಬೆಳಕು ಬಿದ್ದರೆ ಆ ರಾತ್ರಿಯ ಲೆಕ್ಕ ಅಳಿಸಿಹೋಗುತ್ತದೆ.

ಹೊಸ ಬಡಾವಣೆಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಗೇಟಿನ ಪಕ್ಕ, ಬೀದಿದೀಪದ ನೇರ ಕೆಳಗೆ ಇಟ್ಟ ಸೇವಂತಿಗೆಯ ಕುಂಡ ಕಾರ್ತಿಕ ಬಂದರೂ ಎಲೆಯ ಮೇಲೆ ಎಲೆ ಹೊರಡಿಸುತ್ತ ಇರುತ್ತದೆ. ಅದೇ ತಾಯಿಗಿಡದಿಂದ ಬಿಡಿಸಿ ಹಿತ್ತಲಲ್ಲಿ ನೆಟ್ಟ ಕಂದು ಅಷ್ಟರಲ್ಲಿ ಮೆಣಸಿನ ಕಾಳಿನಷ್ಟು ಗಾತ್ರದ ಬಿಗಿ ಮೊಗ್ಗುಗಳನ್ನು ಹೊತ್ತಿರುತ್ತದೆ. ಹತ್ತಿರ ಹೋಗಿ ನೋಡಿದರೆ ಪ್ರತಿ ಮೊಗ್ಗಿನ ಹಸಿರು ಹೊದಿಕೆ ಸೀಳಿ ಹಳದಿಯ ಒಂದು ಗೆರೆ ಇಣುಕುತ್ತಿರುತ್ತದೆ. ಎರಡಕ್ಕೂ ಗೊಬ್ಬರ ಅದೇ, ನೀರು ಅದೇ. ಗೇಟಿನ ಗಿಡಕ್ಕೆ ಕೊರತೆಯಾದದ್ದು ರಾತ್ರಿ.

ಬೆಳಕು ಗಿಡಕ್ಕೆ ಹಗೆಯೆಂದು ನಾನು ಹೇಳುತ್ತಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ರೈತರು ಸೇವಂತಿಗೆಯ ಹೊಲದಲ್ಲಿ ಸಾಲಾಗಿ ಬಲ್ಬು ಕಟ್ಟುತ್ತಾರೆ. ಗಿಡ ಎಳೆಯದಾಗಿದ್ದಾಗಲೇ ಮೊಗ್ಗು ಕಚ್ಚದಿರಲಿ, ಮೊದಲು ಎತ್ತರಕ್ಕೆ ಬೆಳೆಯಲಿ ಎಂದು ಕೆಲವು ವಾರ ರಾತ್ರಿಯಲ್ಲಿ ಬೆಳಕು ಕೊಡುತ್ತಾರೆ. ಗಿಡ ಬಲಿತ ಮೇಲೆ ದೀಪ ಆರಿಸಿ ಕತ್ತಲೆಗೆ ಒಪ್ಪಿಸುತ್ತಾರೆ. ಎಂದು ಆರಿಸಬೇಕೆಂಬುದು ಅವರಿಗೆ ಗೊತ್ತು. ಹಾಗೆಯೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಇರುಳಿನ ಹಂಗಿಲ್ಲದೆ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟಿದ್ದಾರೆ. ಅದರಿಂದ ರೈತನಿಗೆ ವರ್ಷವಿಡೀ ದುಡಿಮೆಯ ದಾರಿಯಾಗಿದೆ. ಆದರೂ ಮಾಗಿಯ ಚಳಿಯಲ್ಲಿ, ಇಬ್ಬನಿ ಕುಡಿದ ಸೊಗಡವರೆ ಬರುವುದನ್ನು ಹಳೇ ಮೈಸೂರಿನ ಮನೆಗಳು ಇಂದಿಗೂ ಕಾಯುತ್ತವೆ. ಕಾಯುವ ಗಿಡಕ್ಕೆ ಕಾಯುವ ಜನರಿದ್ದಾರೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಗಿಡದ ವಿಷಯದಲ್ಲಿ ಇಷ್ಟು ಬಲ್ಲ ನಾವು ಮನೆಯ ಜನರ ವಿಷಯದಲ್ಲಿ ಏನು ಮಾಡುತ್ತಿದ್ದೇವೆ? ಮಗಳು ಮೂಲೆಯಲ್ಲಿ ಕೂತು ತನ್ನ ಪಾಡಿಗೆ ಚಿತ್ರ ಬರೆಯುತ್ತಿದ್ದರೆ ಸಾಕು, ಮರುಗಳಿಗೆಯಲ್ಲಿ ಆ ಚಿತ್ರ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಮರುವಾರ ಸ್ಪರ್ಧೆ, ಅದರ ಮರುವಾರ ತರಗತಿ. ಅವಳು ಇನ್ನೂ ತನಗೇನು ಇಷ್ಟವೆಂದು ಹುಡುಕಿಕೊಳ್ಳುತ್ತಿರುವಾಗಲೇ ನಾಲ್ಕು ಜನರ ಮೆಚ್ಚುಗೆಯ ಬೆಳಕು ಮುಖಕ್ಕೆ ಬೀಳುತ್ತದೆ. ಆಮೇಲೆ ಅವಳು ಬರೆಯುವುದು ಆ ನಾಲ್ಕು ಜನರಿಗಾಗಿ. ಕೆಲಸ ಕಳೆದುಕೊಂಡು ಮಂಕಾಗಿ ಕೂತ ತಮ್ಮನಿಗೆ ದಿನಕ್ಕೆ ಮೂರು ಸಲ ಫೋನು ಮಾಡಿ ‘ಮುಂದೇನು ಮಾಡ್ತೀಯಾ?’ ಎಂದು ಕೇಳುತ್ತೇವೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ನಡುರಾತ್ರಿಯಲ್ಲಿ ದೀಪ ಹಾಕಿದವರ ಮನಸ್ಸು ಒಳ್ಳೆಯದೋ ಕೆಟ್ಟದೋ ಎಂದು ಎಲೆ ನೋಡುವುದಿಲ್ಲ.

ನಮ್ಮ ಬೀದಿಯಲ್ಲಿ ಒಬ್ಬಾಕೆ ಗಂಡನನ್ನು ಕಳೆದುಕೊಂಡ ವರ್ಷ ಅವರ ಮನೆಗೆ ಬಂದವರೆಲ್ಲ ಮಾತು ಹೊತ್ತು ತಂದರು. ಧೈರ್ಯ ತಂದುಕೋ ಎಂದವರು, ಮಕ್ಕಳ ಮುಖ ನೋಡು ಎಂದವರು, ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು ಎಂದು ಕಥೆ ತೆಗೆದವರು. ಆಕೆ ಎಲ್ಲರಿಗೂ ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದರು. ಎದುರು ಮನೆಯ ಅಜ್ಜಿ ಮಾತ್ರ ಸಂಜೆ ಒಂದು ಮೊರದ ತುಂಬ ಅವರೆಕಾಯಿ ತಂದು ಜಗುಲಿಯಲ್ಲಿ ಕೂರುತ್ತಿದ್ದರು. ‘ಬಾ ಮಗಾ, ಸುಲಿಯಾಣ’ ಎಂದು ಒಂದು ಸಲ ಕರೆದರೆ ಆಯಿತು, ಆಮೇಲೆ ಮಾತಿಲ್ಲ. ಆಕೆ ಬಂದ ದಿನ ಇಬ್ಬರೂ ಸುಲಿದರು, ಬಾರದ ದಿನ ಅಜ್ಜಿ ಒಬ್ಬರೇ ಸುಲಿದು ಅರ್ಧ ಕಾಳು ಅಲ್ಲೇ ಬಟ್ಟಲಿನಲ್ಲಿ ಇಟ್ಟು ಹೋದರು. ಅವರೆ ಮುಗಿಯುವ ಹೊತ್ತಿಗೆ ಆಕೆ ತಾವಾಗಿಯೇ ಮಾತಿಗೆ ತೊಡಗಿದರು. ಗಂಡನ ಬಗ್ಗೆ, ಆಸ್ಪತ್ರೆಯ ಕೊನೆಯ ದಿನಗಳ ಬಗ್ಗೆ, ಆಮೇಲೆ ನಿಧಾನವಾಗಿ ಮತ್ತೆ ತೆರೆಯಬೇಕೆಂದಿದ್ದ ಹೊಲಿಗೆ ಅಂಗಡಿಯ ಬಗ್ಗೆ.

ಹುಣ್ಣಿಮೆಯ ಬೆಳದಿಂಗಳು ಎಷ್ಟು ಸುರಿದರೂ ಸೇವಂತಿಗೆಯ ಇರುಳು ಕೆಡುವುದಿಲ್ಲ. ಆ ಬೆಳಕು 1 ಲಕ್ಸ್‌ಗಿಂತಲೂ ಕಡಿಮೆ. ಎಲೆ ಅದನ್ನು ರಾತ್ರಿಯೆಂದೇ ತಿಳಿಯುತ್ತದೆ. ಕಾರ್ತಿಕದಲ್ಲಿ ತುಳಸಿಕಟ್ಟೆಯ ಮುಂದೆ ಸಂಜೆ ಹಚ್ಚುವ ಹಣತೆಯೂ ಹಾಗೆ, ಒಂದಿಷ್ಟು ಹೊತ್ತು ಉರಿದು ಎಣ್ಣೆ ಮುಗಿದಾಗ ತಾನೇ ಆರುತ್ತದೆ. ಕತ್ತಲೆಯ ಜೊತೆಗಿದ್ದೂ ಕತ್ತಲೆಯನ್ನು ಮುರಿಯದ ಬೆಳಕು ಲೋಕದಲ್ಲಿದೆ. ಎದುರು ಮನೆಯ ಅಜ್ಜಿ ಆಕೆಗೆ ಕೊಟ್ಟದ್ದು ಅಂಥ ಬೆಳಕನ್ನು.

ಒಂದೇ ಇರುಳು ಎಲ್ಲ ಗಿಡಗಳಿಗೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಹಿತ್ತಲು ಕಲಿಸುತ್ತದೆ. ರಾತ್ರಿ ಉದ್ದವಾದಂತೆ ಸೇವಂತಿಗೆ ಅರಳುತ್ತದೆ. ಅದೇ ರಾತ್ರಿ ಡೇರೆಗೆ ಒಳಗೆ ಹೋಗು ಎನ್ನುತ್ತದೆ. ಮೇಲೆ ಹೂ ಕ್ಷೀಣಿಸುತ್ತಿರುವಾಗ ಮಣ್ಣಿನಡಿ ಗೆಡ್ಡೆ ದಪ್ಪವಾಗುತ್ತದೆ. ಮಲೆನಾಡಿನ ಹೆಂಗಸರು ಒಣಗಿದ ಕಾಂಡ ಕತ್ತರಿಸಿ, ಕುತ್ತಿಗೆಯಲ್ಲಿ ಕಣ್ಣು ಉಳಿಯುವಂತೆ ಜೋಪಾನವಾಗಿ ಗೆಡ್ಡೆ ಬಿಡಿಸಿ, ಮುಂದಿನ ಮಳೆಗಾಲಕ್ಕೆಂದು ನೆರಳಲ್ಲಿ ಎತ್ತಿಡುತ್ತಾರೆ. ನೆಂಟರ ಮನೆಗೂ ಕಳಿಸುತ್ತಾರೆ. ಹೂವಿಲ್ಲದ ಡೇರೆಯನ್ನು ಅವರು ಸತ್ತಿತೆಂದು ಕಿತ್ತೆಸೆಯುವುದಿಲ್ಲ. ಒಂದೇ ವಯಸ್ಸಿನ ಇಬ್ಬರು ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬ ಅರಳುತ್ತಿದ್ದು ಇನ್ನೊಬ್ಬ ಮುದುಡಿದ್ದರೆ, ಎರಡನೆಯವನ ಬಗ್ಗೆ ನಾವು ಇಷ್ಟೇ ತಾಳ್ಮೆ ತೋರುತ್ತೇವೆಯೇ? ‘ಅವನನ್ನು ನೋಡಿ ಕಲಿ’ ಎನ್ನುವುದಕ್ಕೆ ಮೊದಲು ಅವನ ಒಳಗೆ ಏನು ಕೂಡುತ್ತಿದೆಯೋ ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತೇವೆಯೇ?

ಕತ್ತಲೆಗೆ ಬಿಡುವುದೆಂದರೆ ಕೈಬಿಡುವುದು ಎಂದು ಯಾರೂ ತಿಳಿಯಬಾರದು. ಸೇವಂತಿಗೆಗೆ ಇರುಳಿನಷ್ಟೇ ಹಗಲಿನ ಆರೈಕೆಯೂ ಬೇಕು. ಆಷಾಢದಲ್ಲಿ ಕುಡಿ ಚಿವುಟಿದ್ದರೆ ಕವಲೊಡೆದು ತುಂಬ ಹೂ ಬರುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೇನು ಹತ್ತಿದರೆ ಆ ದಿನವೇ ತೊಳೆಯಬೇಕು. ನಮ್ಮವರ ವಿಷಯವೂ ಹಾಗೆಯೇ. ಮಾತು ಕಡಿಮೆ ಮಾಡಿದವರನ್ನು ಏನಾಯಿತೆಂದು ಒಂದು ಸಲ ಕೇಳೋಣ. ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಕೆದಕದೆ ಹತ್ತಿರದಲ್ಲೇ ಇರೋಣ. ಊಟ, ನಿದ್ದೆ ಬಿಟ್ಟು ಬದುಕೇ ಬೇಡವೆನಿಸಿದಂತೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗೋಣ. ಅಲ್ಲಿ ಸುಮ್ಮನಿರುವುದು ತಾಳ್ಮೆಯಾಗದು.

ಅಷ್ಟು ಮಾಡಿದ ಮೇಲೆ ಉಳಿದದ್ದನ್ನು ಅವರಿಗೇ ಬಿಡಲು ಕಲಿಯಬೇಕು. ಈ ಕಾಲದಲ್ಲಿ ಅದು ಸುಲಭವಲ್ಲ. ಯಾರೂ ಮರೆಯಲ್ಲಿರಬಾರದು, ಯಾವುದೂ ತಡವಾಗಬಾರದು ಎಂಬ ಆತುರ ನಮ್ಮೆಲ್ಲರಿಗೂ ಅಂಟಿದೆ. ಆದರೆ ಒಬ್ಬರ ದುಃಖವನ್ನು, ಒಬ್ಬರ ಕಲಿಕೆಯನ್ನು, ಒಬ್ಬರ ಮೌನವನ್ನು ಅದರ ಅಳತೆ ತುಂಬುವ ತನಕ ಕಾಯ್ದುಕೊಡುವುದು ಪ್ರೀತಿಯ ಕಷ್ಟದ ಪಾಲು. ಆ ಪಾಲನ್ನು ಹೊರುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಬೇಕು. ಅದು ನಾವೇ ಆಗಬಹುದು.